ಗಾದೆಯಿಲ್ಲದ ಮುಚ್ಚಳ

ಲೆಂಬಾ ಗಾದೆಗಳನ್ನು ಕಲಿತದ್ದು ಪಾತ್ರೆ ತೊಳೆಯುತ್ತ.

ಅವಳ ತಾಯಿಯ ಅಡುಗೆಮನೆಯಲ್ಲಿ ಗೋಡೆಗೆ ಒರಗಿಸಿಟ್ಟ ಮರದ ಮುಚ್ಚಳಗಳಿದ್ದವು. ಒಂದರ ಮೇಲೆ ಆಮೆ, ಒಂದರ ಮೇಲೆ ಬಸವನಹುಳು, ಇನ್ನೊಂದರಲ್ಲಿ ಒಂದೇ ಹುಟ್ಟಿನ ದೋಣಿ, ಮತ್ತೊಂದರಲ್ಲಿ ಬೆನ್ನಿಗೆ ಬೆನ್ನು ಹಾಕಿ ಮಲಗಿದ ಗಂಡ ಹೆಂಡತಿ. ಎಲ್ಲ ಉಬ್ಬಾಗಿ ಕೆತ್ತಿದ ಚಿತ್ರಗಳು. ಗಂಡಸರು ಚಪ್ಪರದಲ್ಲಿ ಉಂಡೆದ್ದ ಮೇಲೆ ಮುಚ್ಚಳ ವಾಪಸು ಬರುವಾಗ ಆಮೆಯ ಕಾಲಸಂದಿಯಲ್ಲಿ ತಾಳೆಎಣ್ಣೆ ಗಟ್ಟಿಯಾಗಿ ಕೂತಿರುತ್ತಿತ್ತು, ದೋಣಿಯ ತುಂಬ ಮಸಿ. ಬೂದಿ ಹಚ್ಚಿದ ತೆಂಗಿನ ನಾರಿನಲ್ಲಿ ಸಂದಿಸಂದಿಯನ್ನೂ ಉಜ್ಜುವುದು ಹುಡುಗಿಯರ ಪಾಲಿನ ಕೆಲಸ. ಲೆಂಬಾ ಉಜ್ಜುತ್ತಿದ್ದರೆ ತಾಯಿ ಮರಗೆಣಸು ಕುಟ್ಟುತ್ತಲೇ ಒಂದೊಂದರ ಮಾತು ಹೇಳಿಕೊಡುತ್ತಿದ್ದಳು.

"ಒಬ್ರೇ ಹುಟ್ಟು ಹಾಕಿದ್ರೆ ದೋಣಿ ನಿಂತಲ್ಲೇ ಸುತ್ತುತ್ತೆ. ಗೊತ್ತಾಯ್ತಾ?"

"ಇದನ್ನ ಯಾವಾಗ ಕಳಿಸ್ತಾರೆ?"

"ನಿನ್ನ ಗಂಡ ದೋಣೀಲಿ ಕೂತು ನಿದ್ದೆ ಹೊಡೆದಾಗ."

"ಅಪ್ಪ ಯಾಕೆ ನಿಂಗೆ ಮುಚ್ಚಳ ಕಳಿಸಲ್ಲ?"

ತಾಯಿ ಒನಕೆ ನಿಲ್ಲಿಸಿ ನಕ್ಕಿದ್ದಳು. "ಅವ್ನಿಗೆ ಬಾಯಿದೆಯಲ್ಲೇ."

ಆಫ್ರಿಕಾದ ಪಶ್ಚಿಮಕ್ಕಿರುವ ಕಬಿಂಡಾದ ಕಡಲತೀರದ ವೊಯೊ ಜನರಲ್ಲಿ ಹೆಂಡತಿಯಾದವಳು ನಾಲ್ಕು ಜನರ ಮುಂದೆ ಗಂಡನೊಡನೆ ಜಗಳವಾಡಿದರೆ ಮರ್ಯಾದೆಗೇಡು. ಅವಳ ಪರವಾಗಿ ಮುಚ್ಚಳ ಮಾತಾಡುತ್ತದೆ. ಮಧ್ಯಾಹ್ನ ಗಂಡಸರು ಚಪ್ಪರದಲ್ಲಿ ಒಟ್ಟಿಗೆ ಕೂತು ಉಣ್ಣುತ್ತಾರೆ, ಒಬ್ಬೊಬ್ಬರ ಮನೆಯಿಂದ ಒಂದೊಂದು ಬೋಗುಣಿ ಬರುತ್ತದೆ. ಎಂದಿನ ದಿನಗಳಲ್ಲಿ ಬೋಗುಣಿಗೆ ಬಾಳೆಲೆ ಮುಚ್ಚಿದರೆ ಸಾಕು. ಹೆಂಡತಿಯ ಮನಸ್ಸಿನಲ್ಲಿ ಏನಾದರೂ ಕುದಿಯುತ್ತಿರುವ ದಿನ ಕೆತ್ತನೆಯ ಮುಚ್ಚಳ ಬರುತ್ತದೆ. ಆಗ ಯಾರೂ ಊಟಕ್ಕೆ ಕೈ ಹಾಕುವಂತಿಲ್ಲ. ಜೊತೆಗಾರರು ಮುಚ್ಚಳದ ಗಾದೆಯನ್ನು ಬಿಡಿಸಬೇಕು, ಗಂಡನ ಬಾಯಿಂದ ಉತ್ತರ ಹೊರಡಿಸಬೇಕು, ಆಮೇಲೆ ತುತ್ತು. ಇತ್ತ ಮುಚ್ಚಳ ಕಳಿಸಿದವಳು ಅದು ಮುಗಿಯುವ ತನಕ ತುಟಿ ಬಿಚ್ಚಬಾರದು. ಬಿಚ್ಚಿದಳೋ, ಮುಚ್ಚಳ ಕೆಟ್ಟಿತು ಎಂದು ಲೆಕ್ಕ, ದೂರು ಬಿದ್ದುಹೋಗುತ್ತದೆ.

ಮದುವೆಯಾಗಿ ಹೊರಟಾಗ ಲೆಂಬಾಳ ತಲೆಯ ಮೇಲಿನ ಬುಟ್ಟಿಯಲ್ಲಿ ಮುಚ್ಚಳಗಳ ಒಂದು ಅಟ್ಟಿಯೇ ಇತ್ತು. ಅವಳ ಕೈ ಹಿಡಿದವನು ಪಾಂಜೊ, ಸೂರು ಹೊದಿಸುವವನು. ಅವನು ಹೆಣೆದ ತಾಳೆಗರಿಯ ಮಾಡಿನ ಕೆಳಗೆ ಮಳೆಗೆ ದಾರಿ ಸಿಗುವುದಿಲ್ಲ ಎಂದು ಸುತ್ತಲಿನ ಊರುಗಳಲ್ಲಿ ಮಾತಿತ್ತು. ಒಳ್ಳೆಯವನು. ಯಾರು ಕರೆದರೂ ಇಲ್ಲವೆನ್ನಲು ಬಾರದವನು. ವಿಧವೆಯರ ಮನೆಗೆ ಹೊದಿಸಿ ಕೈಮುಗಿಸಿಕೊಂಡು ಬರುತ್ತಿದ್ದ, ಪೋರ್ಚುಗೀಸರ ಉಪ್ಪಿನ ಅಂಗಡಿಗೆ ಹೊದಿಸಿ ಬೈಗುಳ ತಿಂದು ಬರುತ್ತಿದ್ದ, ಎರಡನ್ನೂ ಒಂದೇ ನಗುವಿನಲ್ಲಿ ಹೇಳುತ್ತಿದ್ದ.

ಆದರೆ ಮನೆಗೆ ಬಂದವನು ಚಾಪೆಯ ಮೇಲೆ ಬಿದ್ದರೆ ಮುಗಿಯಿತು. ಹೊಲದಿಂದ ಮರಗೆಣಸು ಕಿತ್ತು ತರುವುದು, ನದಿಯ ಮಡುವಿನಲ್ಲಿ ಅದನ್ನು ಹುಳಿ ಬರುವ ತನಕ ನೆನೆಹಾಕುವುದು, ನಾರು ತೆಗೆಯುವುದು, ಕುಟ್ಟುವುದು, ಎಲೆಯಲ್ಲಿ ಸುತ್ತಿ ಕಡುಬು ಬೇಯಿಸುವುದು, ಅದಕ್ಕೆ ಬೇಕಾದ ಸೌದೆ, ನೀರು, ಎಲೆ, ಎಲ್ಲ ಅವಳದೇ. ಮದುವೆಯಾದ ವರ್ಷವೇ ಲೆಂಬಾ ದೋಣಿಯ ಮುಚ್ಚಳ ಕಳಿಸಿದಳು. ಚಪ್ಪರದ ಹಿರಿಯ ಮಕೊಸ್ಸೊ ಅದನ್ನು ಬಿಡಿಸಿ ಹೇಳಿ, ಪಾಂಜೊನ ಮುಖವನ್ನೇ ನೋಡುತ್ತ ಸುಮ್ಮನೆ ಕೂತನಂತೆ. ಪಾಂಜೊ ನಾಚಿ ನೆಲ ನೋಡಿದನಂತೆ. ಮರುದಿನದಿಂದ ಕಾಡಿನಿಂದ ಸೌದೆ ಹೊರೆಯನ್ನು ಅವನೇ ಹೊತ್ತು ತಂದ. ಊರಂಚಿನ ಸಾಫು ಹಣ್ಣಿನ ಮರದ ತನಕ ಮಾತ್ರ. ಅಲ್ಲಿಂದ ಮುಂದೆ ಜನ ನೋಡಿ ನಗುತ್ತಾರೆಂದು ಹೊರೆಯನ್ನು ಅವಳ ತಲೆಗೆ ದಾಟಿಸುತ್ತಿದ್ದ. ಅಷ್ಟಾದರೂ ಆಯಿತಲ್ಲ ಎಂದು ಲೆಂಬಾ ನಕ್ಕು ಹೊರುತ್ತಿದ್ದಳು.

ಹೀಗೆ ಮುಚ್ಚಳಗಳು ಫಲ ಕೊಟ್ಟವು. ಯಾವ ಹೊತ್ತಿಗೆ ಯಾವ ಗಾದೆ ಎಂಬುದರಲ್ಲಿ ಅವಳ ಕೈ ಕುದುರಿತು. ಅತ್ತೆ ತನ್ನ ಹೊಲದ ಕಳೆಯನ್ನೂ ಸೊಸೆಯ ಮೇಲೆ ಹೊರಿಸಿದಾಗ ಬೆನ್ನ ಮೇಲೆ ಎರಡು ಹೊರೆ ಹೊತ್ತ ಆಮೆ, ಗಂಡ ಸೇಂದಿ ಕುಡಿದು ಹಾಡು ಹೇಳುತ್ತ ಬಂದಾಗ ಬಾಯಿ ತೆರೆದ ಮೊಸಳೆ. ಸುತ್ತಲಿನ ಹೆಂಗಸರು ಅವಳ ಬಳಿಗೆ ಕೇಳಲು ಬಂದರು. "ಅಕ್ಕಾ, ನಮ್ಮವ್ನು ಹೀಗೆ ಮಾಡ್ದ, ಯಾವುದು ಕಳಿಸ್ಲಿ?" ಎಂದು. ಚಪ್ಪರದಲ್ಲೂ ಅವಳ ಬೋಗುಣಿಗೆ ಕಾಯುವುದು ಶುರುವಾಯಿತು. ಅವಳ ಮುಚ್ಚಳವನ್ನು ಮೊದಲು ಬಿಡಿಸಿದವನಿಗೆ ಮೀನಿನ ತಲೆ ಎಂದು ಗಂಡಸರು ಗೊತ್ತು ಮಾಡಿಕೊಂಡರು. ಗೆದ್ದವನು ತೊಡೆ ತಟ್ಟುತ್ತಿದ್ದ, ಸೋತವನು ಮೂಳೆ ಚೀಪುತ್ತಿದ್ದ. ಅತಿ ಹೆಚ್ಚು ಸೋಲುತ್ತಿದ್ದವನು ಪಕ್ಕದ ಮನೆಯ ಗೋಮಾ. ಅವನಿಗೆ ಮುಚ್ಚಳಕ್ಕಿಂತ ಅದರ ಕೆಳಗಿನ ವಾಸನೆಯ ಮೇಲೇ ಧ್ಯಾನ.

"ಎಂಥಾ ಹೆಂಡ್ತೀನ ಕಟ್ಕೊಂಡಿದ್ದೀಯೋ ಪಾಂಜೊ!" ಎಂದು ಮಕೊಸ್ಸೊ ಊರಿಗೇ ಕೇಳುವಂತೆ ಹೇಳುತ್ತಿದ್ದ. "ನನ್ನವಳ ಹತ್ರ ಇರೋದು ಒಂದೇ ಮುಚ್ಚಳ. ಅದಕ್ಕೂ ಹುಳ ಹಿಡಿದಿದೆ."

ಈ ಮಾತು ಕೇಳಿದ ದಿನ ಲೆಂಬಾಳ ನಡಿಗೆಯೇ ಬೇರೆಯಾಗುತ್ತಿತ್ತು. ಹೊಗಳಿಕೆ ಯಾರಿಗೆ ಬೇಡ? ದೂರು ಕೇಳಿಸಿಕೊಳ್ಳುವ ಜಾಗ ಮೆಲ್ಲಗೆ ಆಟದ ಅಂಗಳವಾಗುತ್ತಿದೆ ಎಂಬುದು ಅವಳ ಗಮನಕ್ಕೆ ಬಾರದ್ದಲ್ಲ, ಬಂದರೂ ಆಕೆ ಅದನ್ನು ಬದಿಗಿಟ್ಟಳು.

ಅಡುಗೆಮನೆಯ ಸೂರು ಸೋರತೊಡಗಿದ್ದು ಆ ವರ್ಷಗಳಲ್ಲೇ. ಮೊದಲು ಮೂಲೆಯಲ್ಲಿ ಒಂದು ಹನಿ, ಆಮೇಲೆ ಒಲೆಯ ಮೂರು ಕಲ್ಲುಗಳ ನಡುವೆಯೇ. ಪಾಂಜೊ ಪ್ರತಿ ಸಲ ಮಳೆಗಾಲ ಮುಗಿದಾಗಲೂ "ಮಾಡೋಣ" ಎನ್ನುತ್ತಿದ್ದ, ಅಷ್ಟರಲ್ಲಿ ಯಾರದೋ ಮನೆಯಿಂದ ಕರೆ ಬರುತ್ತಿತ್ತು. ಕಳೆದ ಮಳೆಗಾಲದಲ್ಲಿ ಲೆಂಬಾ ಅದೇ ಅಡುಗೆಮನೆಯಲ್ಲಿ ಹೆತ್ತಳು. ಬಾಣಂತಿ ಬೆಂಕಿಯ ಪಕ್ಕದಲ್ಲಿ ಮಲಗಬೇಕು, ಕೂಸಿನ ಮೈ ಬೆಚ್ಚಗಿರಬೇಕು. ಬೆಂಕಿ ಮಾತ್ರ ಹತ್ತಿದ್ದಕ್ಕಿಂತ ಆರಿದ್ದೇ ಹೆಚ್ಚು. ಹಸಿ ಸೌದೆಯ ಹೊಗೆಯಲ್ಲಿ, ಹನಿಯುವ ನೀರಿನಲ್ಲಿ ಕೂಸಿಗೆ ಕೆಮ್ಮು ಹಿಡಿಯಿತು. ಮಳೆ ನಿಲ್ಲುವ ಮೊದಲೇ ಕೆಮ್ಮು ನಿಂತಿತು, ಕೂಸಿನ ಉಸಿರಿನ ಜೊತೆಗೆ.

ಅಂದಿನಿಂದ ಪಾಂಜೊ ಅಡುಗೆಮನೆಯ ಬಾಗಿಲು ದಾಟಲಿಲ್ಲ. ಬೆಂಕಿ ಬೇಕಾದರೆ ಹೊರಗೆ ನಿಂತು ಕೂಗುತ್ತಿದ್ದ. ಸೂರಿನ ಮಾತು ಬಂದರೆ ಎದ್ದು ಹೋಗುತ್ತಿದ್ದ. ಊರವರ ಮಾಡುಗಳ ಮೇಲೆ ಮೊದಲಿಗಿಂತ ಹೆಚ್ಚು ಹೊತ್ತು ಕಳೆಯತೊಡಗಿದ. ಲೆಂಬಾಗೆ ಅದು ಅರ್ಥವಾಗುತ್ತಿತ್ತು. ಅವನ ದುಃಖಕ್ಕೆ ಆ ಬಾಗಿಲಿಂದ ದೂರ ಹೋಗಲು ಕಾಲಿದ್ದವು. ಅವಳ ದುಃಖ ಬೆಳಿಗ್ಗೆ ಎದ್ದು ಅದೇ ಬಾಗಿಲಿನಲ್ಲಿ ಬಗ್ಗಿ ಒಳಗೆ ಹೋಗಿ ಒಲೆ ಹಚ್ಚಬೇಕಿತ್ತು.

ಈಗ ಅವಳು ಮತ್ತೆ ಬಸುರಿ. ಮಳೆಯಿಲ್ಲದ, ಮಂಜಿನ ತಂಪು ಕಾಲ ಮುಗಿಯುತ್ತ ಬಂದಿತ್ತು, ಮೊದಲ ಮಳೆಯ ಹೊತ್ತಿಗೆ ಹೆರಿಗೆ. ಅಷ್ಟರೊಳಗೆ ಸೂರಾಗಬೇಕು. ಅವಳಿಗೆ ಬೇಕಿದ್ದದ್ದು ಅದೊಂದೇ.

ಮೊದಲು ಬಸವನಹುಳುವಿನ ಮುಚ್ಚಳ ಕಳಿಸಿದಳು. ತನ್ನ ಸೂರನ್ನು ತಾನೇ ಹೊರುವ ಪಾಡು ಬಸವನಹುಳುವಿಗೆ ಮಾತ್ರ ಎಂಬುದು ಅದರ ಮಾತು. ಬೋಗುಣಿ ಇಳಿಸಿ ಅವಳು ಬೆನ್ನು ತಿರುಗಿಸುವ ಮೊದಲೇ ಮಕೊಸ್ಸೊ ಬಿಡಿಸಿಬಿಟ್ಟ. "ಆಯ್ತು, ಈ ತಿಂಗಳು ಕಳೀಲಿ" ಎಂದ ಪಾಂಜೊ. "ಉತ್ತರ ಬಂತು!" ಎಂದು ಗೋಮಾ ಬೋಗುಣಿಗೆ ಕೈ ಹಾಕಿದ. ತಿಂಗಳು ಕಳೆಯಿತು. ಲೆಂಬಾ ಡೋಲಿನ ಮುಚ್ಚಳ ಕಳಿಸಿದಳು: ಪಕ್ಕದೂರಿನ ಡೋಲಿಗೆ ಕುಣಿಯುವವನಿಗೆ ತನ್ನ ಮನೆಯ ಕೂಗು ಕೇಳದು. ಅಂದು ಚಪ್ಪರದಲ್ಲಿ ಚಪ್ಪಾಳೆ ಬಿತ್ತು. ಪಾಂಜೊ ತಲೆ ತಗ್ಗಿಸಿ "ಆಗ್ಲಿ" ಎಂದ, ಮಕೊಸ್ಸೊ ಮೀನಿನ ತಲೆ ಗೆದ್ದ. ಮುಚ್ಚಳ ಎಣ್ಣೆ ಬಳಿದುಕೊಂಡು ಮನೆಗೆ ಬಂತು. ಲೆಂಬಾ ಅದನ್ನು ಮಡಿಲಲ್ಲಿಟ್ಟುಕೊಂಡು ಬೂದಿಯಲ್ಲಿ ಉಜ್ಜತೊಡಗಿದಳು.

ಗೋಮಾನ ಹೆಂಡತಿ ಕಿಯೆಸ್ಸೆ ಬೇಲಿಯಾಚೆಯಿಂದ ಕೇಳಿದಳು. "ಏನಂದ್ರು ಅಕ್ಕಾ?"

"ಬಹಳ ಚೆನ್ನಾಗಿದೆ ಅಂದ್ರು."

"ಸೂರು?"

"ಡೋಲು."

ಕಿಯೆಸ್ಸೆ ತುಟಿ ಕಚ್ಚಿಕೊಂಡಳು. "ನಮ್ಮವ್ನೂ ಮನೆಗೆ ಬಂದು ಹೊಗಳ್ದ ಕಣಕ್ಕಾ. ಡೋಲು ಹೊಗಳಿದ್ನೋ, ಕಡಲೆಕಾಯಿ ಸಾರು ಹೊಗಳಿದ್ನೋ, ನಂಗೆ ಬಗೆಹರೀಲಿಲ್ಲ. ಇನ್ನೊಂದು ಕಳಿಸು. ಮೂರು ಕಲ್ಲಿಂದು ಇದೆಯಲ್ಲ, ಎರಡು ಕಲ್ಲಿನ ಮೇಲೆ ಗಡಿಗೆ ನಿಲ್ಲಲ್ಲ ಅನ್ನೋದು?"

"ಕಳಿಸಿದ್ರೆ ಅದನ್ನೂ ಬಿಡಿಸ್ತಾರೆ. ಗಾದೆ ಗೊತ್ತಾದ ತಕ್ಷಣ ಅವ್ರಿಗೆ ಕೆಲಸ ಮುಗೀತು ಅಂತ ಲೆಕ್ಕ."

ಹೇಳಿದ ಮೇಲೆ ಲೆಂಬಾ ತನ್ನ ಮಾತನ್ನು ತಾನೇ ಕೇಳಿಸಿಕೊಂಡವಳಂತೆ ನಾರು ಕೆಳಗಿಟ್ಟಳು. ಕೈ ತೊಳೆದು, ಒಂದು ಹುಂಜವನ್ನು ಕಾಲು ಕಟ್ಟಿ ಕಂಕುಳಲ್ಲಿ ಇಟ್ಟುಕೊಂಡು ಪುಕುಟಾನ ಮನೆಯ ದಾರಿ ಹಿಡಿದಳು.

ಮುಚ್ಚಳ ಕೆತ್ತುವ ಪುಕುಟಾ ಮುದುಕನಿಗೆ ಊರಿನ ಎಲ್ಲ ಸಂಸಾರಗಳ ಒಳಗುಟ್ಟು ಗೊತ್ತು, ಬಾಯಿ ಮಾತ್ರ ಬೀಗ. ಬಾಚಿಯಿಂದ ಮರ ಸವರುತ್ತ ಕೂತಿದ್ದವನು ಹುಂಜವನ್ನು ನೋಡಿ, ಆಮೇಲೆ ಅವಳ ಹೊಟ್ಟೆಯನ್ನು ನೋಡಿದ.

"ಕೂತ್ಕೋಮ್ಮಾ. ಯಾವ ಗಾದೆ?"

"ಗಾದೆ ಇಲ್ಲ ದೊಡ್ಡಪ್ಪಾ. ಅಡುಗೆಮನೆ ಕೆತ್ತು."

"ಅಡುಗೆಮನೆ ಯಾವ ಗಾದೇಲಿ ಬರುತ್ತೆ?"

"ಯಾವುದ್ರಲ್ಲೂ ಬರಲ್ಲ. ಮೂರು ಕಲ್ಲು, ಒಂದು ಗಡಿಗೆ, ಮೇಲೆ ಸೂರು. ಸೂರಿನ ತುಂಬ ತೂತು. ತೊಲೆಗೆ ಕೂಸು ಕಟ್ಟೋ ಬಟ್ಟೆ ತೂಗು ಹಾಕಿರ್ಬೇಕು. ಖಾಲಿ ಬಟ್ಟೆ."

ಪುಕುಟಾ ಬಾಚಿ ಕೆಳಗಿಟ್ಟ. "ಗಾದೆ ಇಲ್ದಿದ್ರೆ ಅದು ಮುಚ್ಚಳ ಹೇಗಾಗುತ್ತೆ? ಅವ್ರು ಏನನ್ನ ಬಿಡಿಸ್ತಾರೆ?"

"ಬಿಡಿಸೋದು ಬೇಡ. ನೋಡ್ಲಿ."

"ನಮ್ಮಪ್ಪನ ಕಾಲದಿಂದ ಇಂಥದ್ದು ಯಾರೂ ಕೆತ್ತಿಸಿಲ್ಲ."

"ನಿಮ್ಮಪ್ಪನ ಕಾಲದಲ್ಲಿ ಮಳೆ ಬರ್ತಿತ್ತು ತಾನೇ ದೊಡ್ಡಪ್ಪಾ?"

ಮುದುಕ ಹುಂಜದ ಕಟ್ಟು ಬಿಚ್ಚಿ ಅಂಗಳಕ್ಕೆ ಬಿಟ್ಟ. ಅವನು ಕೆಲಸ ಒಪ್ಪಿಕೊಂಡ ಎನ್ನುವುದಕ್ಕೆ ಅದೇ ಗುರುತು.

ಮುಚ್ಚಳ ಕೈಗೆ ಬಂದ ದಿನ ಲೆಂಬಾ ಅಡುಗೆಯಲ್ಲಿ ಕೊರತೆ ಮಾಡಲಿಲ್ಲ. ಮರಗೆಣಸಿನ ಎಲೆಯನ್ನು ನುಣ್ಣಗೆ ಕುಟ್ಟಿ ತಾಳೆಎಣ್ಣೆಯಲ್ಲಿ ಬೇಯಿಸಿ, ಹೊಗೆಯಲ್ಲಿ ಒಣಗಿಸಿದ ಮೀನು ಹಾಕಿದಳು. ಬೋಗುಣಿಯ ಮೇಲೆ ಹೊಸ ಮುಚ್ಚಳ ಇಟ್ಟು ಚಪ್ಪರದಲ್ಲಿ ಇಳಿಸಿ ಬಂದಳು. ಎಂದಿನಂತೆ ಮನೆಗೆ ಹೋಗಲಿಲ್ಲ. ಚಪ್ಪರದ ಹಿಂದಿನ ಬಾಳೆಗಿಡಗಳ ಮರೆಯಲ್ಲಿ ಕಿಯೆಸ್ಸೆ ಆಗಲೇ ಕೂತಿದ್ದಳು. ಲೆಂಬಾ ಹೊಟ್ಟೆ ಹಿಡಿದುಕೊಂಡು ಅವಳ ಪಕ್ಕದಲ್ಲಿ ಕುಕ್ಕರಿಸಿದಳು.

ಮಕೊಸ್ಸೊ ಮುಚ್ಚಳವನ್ನು ಎತ್ತಿ ಬೆಳಕಿಗೆ ಹಿಡಿದ. ತಿರುಗಿಸಿದ. ಮತ್ತೆ ತಿರುಗಿಸಿದ.

"ಹೊಸದು" ಎಂದ.

"ಹೊಸದು ಅಂತ ನಮ್ಗೂ ಕಾಣುತ್ತೆ ಭಾವ. ಏನದು?" ಎಂದ ಒಬ್ಬ.

"ತಾಳು. ಇದು ಆಳವಾದದ್ದು. ಮೂರು ಕಲ್ಲು ಇದೆ. ಅಂದ್ರೆ ತಂದೆ ಮನೆ, ಸೋದರಮಾವನ ಮನೆ, ಊರ ಹಿರಿಯ. ಮೇಲೆ ಇರೋ ಈ ತೂತುಗಳು ನಕ್ಷತ್ರ. ಆಕಾಶದ ಕೆಳಗೆ ಲೋಕ ಮೂರು ಕಲ್ಲಿನ ಮೇಲೆ ನಿಂತಿದೆ ಅಂತ."

"ಹಾಗಾದ್ರೆ ಈ ತೂಗ್ತಾ ಇರೋದು?"

"ಅದು ಸೇಂದಿ ಇಳಿಸೋನ ಸೊಂಟದ ಹಗ್ಗ. ಪಾಂಜೊ, ಕುಡಿಯೋದು ಜಾಸ್ತಿ ಮಾಡಿದ್ದೀಯಾ?"

"ಹಗ್ಗ ಅಲ್ಲ ಮಾರಾಯ, ಮೀನಿನ ಬಲೆ ಅದು" ಎಂದ ಇನ್ನೊಬ್ಬ. "ತೂತು ಬಲೆ. ಗಂಡ ತಂದಿದ್ದೆಲ್ಲ ಸೋರಿ ಹೋಗ್ತಿದೆ ಅಂತ ಗಾದೆ."

"ಉರುಳು ಇರ್ಬಹುದಾ?" ಎಂದು ಮತ್ತೊಬ್ಬ ದನಿ ತಗ್ಗಿಸಿದ. "ಅವಳೇನಾದ್ರೂ..."

"ಥೂ, ನಿನ್ನ ಬಾಯಿಗೆ ಬೂದಿ!"

ಬಾಳೆಗಿಡದ ಹಿಂದೆ ಕಿಯೆಸ್ಸೆ ನಗು ತಡೆಯಲು ಸೆರಗಿನಂಚನ್ನು ಬಾಯಿಗೆ ತುರುಕಿಕೊಂಡಳು. ಲೆಂಬಾ ನಗಲಿಲ್ಲ. ಅವಳ ಕಣ್ಣು ಪಾಂಜೊನ ಮೇಲಿತ್ತು. ಅವನು ಮುಚ್ಚಳವನ್ನು ಒಂದು ಸಲ ನೋಡಿದ್ದೇ, ಆಮೇಲೆ ನೋಡಿರಲಿಲ್ಲ. ಸುತ್ತ ಸೋದರಮಾವಂದಿರೂ ನಕ್ಷತ್ರಗಳೂ ಹಾರಾಡುತ್ತಿದ್ದರೆ ಅವನು ತನ್ನ ಅಂಗೈಗಳನ್ನು ನೋಡುತ್ತ ಕೂತಿದ್ದ. ಬೋಗುಣಿಯಿಂದ ಏಳುತ್ತಿದ್ದ ಆವಿ ತೆಳುವಾಯಿತು. ನೊಣಗಳು ಬಂದವು. ಮಕೊಸ್ಸೊ ಈಗ ತನ್ನ ಅಜ್ಜನ ಕಾಲದ ಒಂದು ಮುಚ್ಚಳದ ಕತೆ ತೆಗೆದಿದ್ದ. ಅದರಲ್ಲೂ ಮೂರು ಕಲ್ಲಿದ್ದವಂತೆ.

ಗೋಮಾನಿಗೆ ತಡೆಯಲಾಗಲಿಲ್ಲ.

"ಅಡುಗೆಮನೆ ಕಣ್ರಯ್ಯಾ ಅದು!" ಎಂದು ಕಿರುಚಿದ. "ಒಲೆ, ಗಡಿಗೆ, ಸೂರು! ಸೂರು ಸೋರ್ತಿದೆ! ಅಷ್ಟೇ! ಇನ್ನಾದ್ರೂ ಉಣ್ಣೋಣ್ವಾ?"

"ಅದು ಗಾದೆ ಅಲ್ಲವಲ್ಲೋ" ಎಂದ ಮಕೊಸ್ಸೊ.

"ಗಾದೆ ಇಲ್ದಿದ್ರೆ ಹೋಗ್ಲಿ, ಮೀನಿದೆ!"

ಯಾರೋ ನಗಲು ಹೊರಟು ನಿಲ್ಲಿಸಿದರು. ಎಲ್ಲರ ಕಣ್ಣೂ ಈಗ ಮುಚ್ಚಳದ ಮೇಲೆ, ಆಮೇಲೆ ಪಾಂಜೊನ ಮೇಲೆ. ತೂಗುತ್ತಿದ್ದದ್ದು ಏನೆಂದು ಯಾರೂ ಮತ್ತೆ ಕೇಳಲಿಲ್ಲ. ಆ ಚಪ್ಪರದಲ್ಲಿ ಕೂಸು ಎತ್ತಿ ಆಡಿಸದವರು ಯಾರೂ ಇರಲಿಲ್ಲ, ಆ ಬಟ್ಟೆಯ ಗಂಟು ಎಂಥದ್ದೆಂದು ಒಮ್ಮೆ ಕಂಡ ಮೇಲೆ ಕಾಣದಿರುವ ಹಾಗಿರಲಿಲ್ಲ.

"ಉತ್ತರ ಕೊಡಪ್ಪಾ" ಎಂದ ಮಕೊಸ್ಸೊ ಮೆಲ್ಲಗೆ.

ಪಾಂಜೊ ತಲೆಯೆತ್ತಲಿಲ್ಲ. "ಆ ತೊಲೆ ಕೆಳಗೆ ನಿಂತ್ರೆ ನಂಗೆ ಕೆಮ್ಮು ಕೇಳ್ಸುತ್ತೆ" ಎಂದ. "ಇನ್ನೂ ಕೇಳ್ಸುತ್ತೆ. ಊರಿನ ಯಾವ ಮಾಡು ಬೇಕಾದ್ರೂ ಹತ್ತುತ್ತೀನಿ. ಅದು ಮಾತ್ರ ನನ್ನ ಕೈಲಿ ಆಗಲ್ಲ."

ಪಕ್ಕದಲ್ಲಿದ್ದವನು ಪಾಂಜೊನ ಹೆಗಲ ಮೇಲೆ ಕೈಯಿಟ್ಟ. ಮಕೊಸ್ಸೊ ಮುಚ್ಚಳವನ್ನು ಬೋಗುಣಿಯ ಪಕ್ಕದಲ್ಲಿ ಇಳಿಸಿದ.

"ಪಾಪ" ಎಂದ. "ಗಂಡಸು ಇಷ್ಟು ಒಳಗೆ ಇಟ್ಕೊಂಡಿದ್ದ, ನಮ್ಗೇ ಗೊತ್ತಾಗ್ಲಿಲ್ಲ ನೋಡಿ. ಇನ್ನು ಅವನ್ನ ಒತ್ತಾಯ ಮಾಡೋದು ಬೇಡ. ಉತ್ತರ ಬಂದ ಹಾಗೇ ಆಯ್ತು. ತಗೊಳ್ಳಿ, ತಣ್ಣಗಾಗ್ತಿದೆ."

ಗೋಮಾನ ಕೈ ಬೋಗುಣಿಯ ಕಡೆ ಹೊರಟಿತು.

ಬಾಳೆಲೆಗಳು ಸರಿದ ಸದ್ದಾಯಿತು. ಕಿಯೆಸ್ಸೆ "ಅಕ್ಕಾ, ಬೇಡ" ಎಂದು ಬಟ್ಟೆ ಹಿಡಿದು ಎಳೆದಳು, ಬಟ್ಟೆ ಅವಳ ಕೈಯಿಂದ ಜಾರಿತು. ಲೆಂಬಾ ಚಪ್ಪರದ ಕಂಬದ ಪಕ್ಕ ಬಂದು ನಿಂತಳು.

"ಆ ಕೆಮ್ಮು ನಂಗೂ ಕೇಳ್ಸುತ್ತೆ" ಎಂದಳು. "ನಾನು ಅದರ ಕೆಳಗೇ ಅಡುಗೆ ಮಾಡ್ತೀನಿ. ದಿನಾ. ನೀವು ಉಣ್ತಿರೋದು ಅಲ್ಲಿ ಬೇಯಿಸಿದ್ದೇ."

ಗೋಮಾನ ಕೈ ಗಾಳಿಯಲ್ಲೇ ನಿಂತಿತು. ಮುಚ್ಚಳ ಬೋಗುಣಿಯ ಪಕ್ಕದಲ್ಲಿದ್ದಾಗ ಹೆಂಗಸು ಚಪ್ಪರಕ್ಕೆ ಬಂದು ಮಾತಾಡಿದ್ದನ್ನು ಅಲ್ಲಿದ್ದವರಲ್ಲಿ ಯಾರೂ ಕಂಡಿರಲಿಲ್ಲ. ಮಕೊಸ್ಸೊ ತಬ್ಬಿಬ್ಬಾಗಿ ಎದ್ದ.

"ತಾಯೀ, ಏನು ಮಾಡಿಬಿಟ್ಟೆ! ಮುಚ್ಚಳ ಕಳಿಸಿದ ಮೇಲೆ ಮಾತಾಡೋ ಹಾಗಿಲ್ಲ, ನಿಂಗೇ ಗೊತ್ತು. ಊರಿಗೆಲ್ಲ ಮುಚ್ಚಳ ಆರಿಸಿಕೊಡೋಳು ನೀನು. ಮಾತಾಡ್ದೆ, ಮುಚ್ಚಳ ಕೆಟ್ಟುಹೋಯ್ತು. ಇನ್ನು ಪಾಂಜೊ ಉತ್ತರ ಕೊಡಬೇಕಾಗಿಲ್ಲ."

ಅವನು ಹೇಳಿದ್ದು ನಿಜವೇ. ಲೆಂಬಾ ಇಷ್ಟು ವರ್ಷ ಕಾಪಾಡಿಕೊಂಡು ಬಂದ ನೇಮವನ್ನು ಬೇಕಾದ ಹೊತ್ತಿನಲ್ಲೇ ಮುರಿದುಕೊಂಡಿದ್ದಳು. ಹೊಟ್ಟೆಯೊಳಗಿನದು ಒಮ್ಮೆ ಒದೆಯಿತು. ಅವಳು ಕಂಬವನ್ನು ಹಿಡಿದುಕೊಂಡಳು.

ಪಾಂಜೊ ಈಗ ಅವಳನ್ನು ನೋಡಿದ. ಒಂದು ವರ್ಷದಿಂದ ಅವನು ಅವಳ ಕೈಯ ಬೋಗುಣಿಯನ್ನು ನೋಡಿದ್ದ, ನೀರಿನ ಕೊಡವನ್ನು ನೋಡಿದ್ದ. ಮುಖವನ್ನು ನೋಡಿದ್ದು ಕಡಿಮೆ. ಹೊಗೆಗೆ ಅವಳ ಕಣ್ಣಂಚು ಕೆಂಪಗೆ ಸುಲಿದಿತ್ತು.

"ಮುಚ್ಚಳ ಕೆಟ್ಟಿಲ್ಲ ಭಾವ" ಎಂದ.

"ನೇಮ ಅಂದ್ರೆ ನೇಮ ಕಣಯ್ಯಾ."

"ಗಾದೆ ಇರೋ ಮುಚ್ಚಳಕ್ಕೆ ಆ ನೇಮ. ಇದ್ರಲ್ಲಿ ಗಾದೆ ಇಲ್ಲ ಅಂತ ನೀನೇ ಅಂದ್ಯಲ್ಲ. ನಾನಿನ್ನೂ ಉತ್ತರ ಕೊಟ್ಟಿಲ್ಲ." ಅವನು ಮುಚ್ಚಳವನ್ನು ಕೈಗೆತ್ತಿಕೊಂಡ. "ನಾಳೆ ಹತ್ತುತ್ತೀನಿ. ಒಬ್ಬನೇ ಹತ್ತೋಕೆ ಆಗಲ್ಲ. ಯಾರಾದ್ರೂ ಜೊತೆಗೆ ಬನ್ನಿ. ನಾನು ಕೆಳಗಿಳಿದು ಓಡದ ಹಾಗೆ ನೋಡ್ಕೊಳ್ಳಿ."

ಮಕೊಸ್ಸೊ ಮುಚ್ಚಳವನ್ನೂ ಲೆಂಬಾಳನ್ನೂ ಪಾಂಜೊನನ್ನೂ ಸರದಿಯಂತೆ ನೋಡಿದ. ಅಜ್ಜನ ಕಾಲದಲ್ಲಿ ಇದಕ್ಕೇನಾದರೂ ದಾರಿ ಇತ್ತೇ ಎಂದು ಹುಡುಕುತ್ತಿದ್ದಂತಿತ್ತು. ಕೊನೆಗೆ ಕೂತ. "ಗರಿ ನಾನು ತರ್ತೀನಿ" ಎಂದ.

"ನಾವೆಲ್ಲ ಬರ್ತೀವಿ" ಎಂದ ಗೋಮಾ, ಬಾಯಿ ತುಂಬಿಕೊಂಡು. "ಎಲ್ರೂ ಬರ್ತೀವಿ. ಮಧ್ಯಾಹ್ನಕ್ಕೆ ಕಡಲೆಕಾಯಿ ಸಾರು ಮಾಡಕ್ಕಾ."

ಹಿಂದಿನಿಂದ ಕಿಯೆಸ್ಸೆ ಲೆಂಬಾಳ ತೋಳು ಚಿವುಟಿ ಪಿಸುಗುಟ್ಟಿದಳು. "ಕೇಳಿಸ್ತಾ? ಇಷ್ಟು ಜನಕ್ಕೆ ಬೇಯ್ಸಬೇಕಂತೆ, ಈ ಹೊಟ್ಟೆ ಹೊತ್ಕೊಂಡು."

ಲೆಂಬಾ ಕಂಬ ಬಿಟ್ಟು ನೆಟ್ಟಗೆ ನಿಂತಳು. ಹೇಗೂ ಬಾಯಿ ತೆರೆದದ್ದಾಗಿತ್ತು.

"ಸೂರು ಬಿಚ್ಚಿದ ಅಡುಗೆಮನೇಲಿ ಒಲೆ ಹಚ್ಚೋಕಾಗಲ್ಲ ಗೋಮಾ" ಎಂದಳು. "ನಿಮ್ಮ ಊಟ ನೀವೇ ನೋಡ್ಕೊಳ್ಳಿ."

"ಕಿಯೆಸ್ಸೇ..." ಎಂದು ಗೋಮಾ ಹೆಂಡತಿಯತ್ತ ತಿರುಗಿದ.

"ನಾನು ಅಕ್ಕನ ಜೊತೆ ಇರ್ತೀನಿ" ಎಂದಳು ಕಿಯೆಸ್ಸೆ. "ನಮ್ಮ ಒಲೇನೂ ಹಚ್ಚಲ್ಲ."

ಮರುದಿನ ಬಿಸಿಲೇರುವ ಮೊದಲೇ ಪಾಂಜೊ ಅಡುಗೆಮನೆಯ ಮಾಡು ಹತ್ತಿದ. ಕೊಳೆತ ಗರಿಗಳನ್ನು ಕಿತ್ತೆಸೆಯುತ್ತ ತೊಲೆಯ ತನಕ ಬಂದಾಗ ಅವನ ಕೈ ನಿಂತಿತು. ಕೆಳಗಿದ್ದ ಮಕೊಸ್ಸೊ ಏನೋ ಹೇಳಲು ಬಾಯಿ ತೆರೆದ, ಬಹುಶಃ ಒಂದು ಗಾದೆಯನ್ನೇ. ಲೆಂಬಾ ಸನ್ನೆ ಮಾಡಿ ಸುಮ್ಮನಿರಿಸಿದಳು. ಪಾಂಜೊ ಮಾಡಿನ ಮೇಲೆಯೇ ಕೂತು ಅತ್ತ. ಊರು ನೋಡಿತು. ಸೌದೆ ಹೊರೆಯನ್ನು ಸಾಫು ಮರದ ಬಳಿ ದಾಟಿಸುತ್ತಿದ್ದವನು ಅಂದು ಯಾರು ನೋಡುತ್ತಾರೆಂದು ನೋಡಲಿಲ್ಲ. ಲೆಂಬಾ ಕೆಳಗಿನಿಂದ ಹೊಸ ಗರಿಯ ಒಂದು ಕಟ್ಟನ್ನು ಎತ್ತಿ ಹಿಡಿದಳು. ಸ್ವಲ್ಪ ಹೊತ್ತಿಗೆ ಅವನು ಬಗ್ಗಿ ತೆಗೆದುಕೊಂಡ.

ಗಂಡಸರು ಮಧ್ಯಾಹ್ನ ಕಡಲತೀರದಲ್ಲಿ ಮೀನು ಸುಟ್ಟುಕೊಂಡರು. ಒಂದು ಮಗ್ಗುಲು ಕರಕಲು, ಇನ್ನೊಂದು ಹಸಿ. ಗೋಮಾ ಆ ದಿನವನ್ನು ಬರಗಾಲದ ದಿನವೆಂಬಂತೆ ಬಹುಕಾಲ ಹೇಳಿಕೊಂಡು ತಿರುಗಿದ.

ಈ ಸುದ್ದಿಗೆ ಊರಲ್ಲಿ ಎರಡು ಮಾತಾಯಿತು. ಮುಚ್ಚಳ ಕಳಿಸಿ ಬಾಯಿಯನ್ನೂ ತೆರೆದವಳು ಎಂದು ಮುದುಕಿಯರು ಲೆಂಬಾಳನ್ನು ನೀರಿನ ದಾರಿಯಲ್ಲಿ ಕುಟುಕಿದರು. ಮುಚ್ಚಳ ಕೇಳಲು ಬರುವವರು ಮಾತ್ರ ಕಡಿಮೆಯಾಗಲಿಲ್ಲ. ಬಂದವಳು ಗಂಡನ ಬಗ್ಗೆ ಹೇಳಿ ಮುಗಿಸಿದ ಮೇಲೆ ಲೆಂಬಾ ಈಗ ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದಳು. "ನಿಂಗೇನು ಬೇಕು? ಗಾದೆ ಆಮೇಲೆ ನೋಡೋಣ. ಬೇಕಾದ್ದು ಏನು, ಅದು ಹೇಳು." ಎಷ್ಟೋ ಹೆಂಗಸರಿಗೆ ಆ ಪ್ರಶ್ನೆಗೆ ಉತ್ತರ ಹುಡುಕಲೇ ಒಂದು ದಿನ ಹಿಡಿಯುತ್ತಿತ್ತು. ಗಾದೆಗಳ ಮೇಲಿನ ಅವಳ ಪ್ರೀತಿ ಹೋಗಲಿಲ್ಲ. ತಾಯಿಯ ಮುಚ್ಚಳಗಳನ್ನು ಮೊದಲಿನಷ್ಟೇ ಜೋಪಾನದಿಂದ ಉಜ್ಜುತ್ತಿದ್ದಳು.

ಮಳೆ ಬಂದ ವಾರದಲ್ಲೇ ಹೆರಿಗೆಯಾಯಿತು. ಹೆಣ್ಣು ಮಗು. ಹೊರಗೆ ಕಡಲೂ ಆಕಾಶವೂ ಒಂದಾಗಿ ಸುರಿಯುತ್ತಿದ್ದರೆ ಒಳಗೆ ನೆಲ ಒಣಗಿತ್ತು, ಬೆಂಕಿ ನಿಗಿನಿಗಿ ಉರಿಯುತ್ತಿತ್ತು. ಎರಡು ರಾತ್ರಿ ಎಚ್ಚರವಿದ್ದ ಕಿಯೆಸ್ಸೆ ಬೆಳಿಗ್ಗೆ ತನ್ನ ಮನೆಯ ಕೆಲಸಕ್ಕೆ ಓಡಿದ್ದಳು. ಬಾಗಿಲಲ್ಲಿ ನೀರಿಳಿಯುವ ಮೈಯಲ್ಲಿ ಪಾಂಜೊ ನಿಂತಿದ್ದ. ಒಳಗೆ ಇಣುಕಿದ, ತೊಲೆಯನ್ನು ನೋಡಿದ, ಅಲ್ಲೇ ನಿಂತ.

"ಕೇಳ್ಸುತ್ತಾ?" ಎಂದಳು ಲೆಂಬಾ.

"ಕೇಳ್ಸುತ್ತೆ."

"ನಂಗೂ. ಒಳಗೆ ಬಾ, ಎರಚಲು ಹೊಡೀತಿದೆ."

ಪಾಂಜೊ ಬಗ್ಗಿ ಒಳಗೆ ಬಂದ. ಕೈಯನ್ನು ಬೆಂಕಿಗೆ ಹಿಡಿದು ಬೆಚ್ಚಗೆ ಮಾಡಿಕೊಂಡ. ಅವಳು ಮಗುವನ್ನು ಅವನ ತೋಳಿನಲ್ಲಿಟ್ಟಳು. ಅವನು ಉಸಿರು ಬಿಡಲೂ ಹೆದರಿದವನಂತೆ ಮೂರು ಕಲ್ಲುಗಳ ಪಕ್ಕದಲ್ಲಿ ಮೆಲ್ಲಗೆ ಕೂತ.

"ಗಂಜಿ ಉಕ್ಕದ ಹಾಗೆ ನೋಡ್ಕೋ" ಎಂದು ಲೆಂಬಾ ಮಗ್ಗುಲು ಬದಲಿಸಿದಳು.

ಗಂಜಿ ಉಕ್ಕಿತು, ಅರ್ಧ ಗಡಿಗೆ ಬೆಂಕಿಗೆ ಹೋಯಿತು, ಅವನು ಒಂದು ಕೈಯಲ್ಲಿ ಮಗು ಹಿಡಿದು ಇನ್ನೊಂದರಲ್ಲಿ ಏನು ಮಾಡಬೇಕೆಂದು ತಿಳಿಯದೆ ಗಡಿಗೆಯನ್ನೇ ಬೈಯುತ್ತಿದ್ದ ಎಂದು, ಅಷ್ಟರಲ್ಲಿ ವಾಪಸು ಬಂದು ನೋಡಿದ್ದ ಕಿಯೆಸ್ಸೆ ಆಮೇಲೆ ಊರೆಲ್ಲ ಹೇಳಿಕೊಂಡು ನಕ್ಕಳು. ಲೆಂಬಾಗೆ ಅದು ಯಾವುದೂ ತಿಳಿಯಲಿಲ್ಲ. ಅವಳು ನಿದ್ದೆ ಹೋಗಿದ್ದಳು.